ಹತ್ತಕ್ಕೆ ಹತ್ತು

ನನ್ನದು ದೊಡ್ಡ ಬಾಯಿ ಎಂದು ಥೆಸಲೊನೀಕಿ ಪಕ್ಕದ ನಮ್ಮ ಕಲಮಾರಿಯಾ ಊರಿನ ಅರ್ಧ ಜನ ಹೇಳುತ್ತಾರೆ. ಉಳಿದರ್ಧ ಜನಕ್ಕೆ ಹಾಗೆ ಹೇಳುವ ಧೈರ್ಯವಿಲ್ಲ. ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯಲ್ಲಿ ಕೂತು ಸಿಗರೇಟು, ಪೇಪರು, ಪೆಪ್ಪರಮಿಂಟು ಮಾರುತ್ತ ಅರ್ಧ ಆಯುಸ್ಸು ಕಳೆದವಳು ನಾನು, ಪಾರ್ಥೇನಾ. ಗಂಡ ಸತ್ತ ಮೇಲೆ ಮೆತ್ತಗೆ ಮಾತಾಡಿಕೊಂಡಿದ್ದರೆ ಆ ಅಂಗಡಿಯನ್ನು ಯಾರೋ ಯಾವತ್ತೋ ನುಂಗಿ ನೀರು ಕುಡಿದಿರುತ್ತಿದ್ದರು. ಹಾಗಾಗಿ ಈ ಬಾಯಿಯ ಬಗ್ಗೆ ನನಗೆ ನಾಚಿಕೆಯಿಲ್ಲ. ಈ ಮಾರ್ಚಿನಲ್ಲಿ ನನ್ನ ತಮ್ಮನ ವಿಷಯದಲ್ಲಿ ಅದನ್ನು ತೆರೆದದ್ದಕ್ಕಂತೂ ಇಲ್ಲವೇ ಇಲ್ಲ. ಅವನ ಹೆಂಡತಿ ಕಡೆಯವರು ಏನು ಬೇಕಾದರೂ ಹೇಳಿಕೊಳ್ಳಲಿ.

ತಮ್ಮ ಇಯೋರ್ದಾನಿಸ್ ಥೆಸಲೊನೀಕಿಯ ಸಿಟಿ ಬಸ್ಸಿನ ಡ್ರೈವರು. ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ, ಈಗ ಅವನಿಗೂ ತಲೆ ನರೆತಿದೆ. ಎರಡು ವರ್ಷದ ಹಿಂದೆ ಅವನ ಕತ್ತಿನಲ್ಲಿ ಗೆಡ್ಡೆ ಎದ್ದಿತು. ರಕ್ತದ ಕ್ಯಾನ್ಸರಿನ ಒಂದು ಬಗೆ ಅಂದರು. ಔಷಧಿ ಕೊಟ್ಟರು, ಕರಗಿತು. ಮತ್ತೆ ಎದ್ದಿತು, ಬೇರೆ ಔಷಧಿ ಕೊಟ್ಟರು, ಈ ಸಲ ಕರಗಲಿಲ್ಲ. ಉಳಿದಿದ್ದು ಒಂದೇ ದಾರಿ, ಅದೂ ಪ್ರಯೋಗದಲ್ಲಿರುವ ದಾರಿ. ಅದನ್ನು ವಿವರಿಸಲು ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡಳು. ನಾನು, ತಮ್ಮ, ತಮ್ಮನ ಹೆಂಡತಿ ಸಿಮೆಲಾ.

ಡಾಕ್ಟರ ಹೆಸರು ಅರಿಯಾದ್ನಿ. ವಯಸ್ಸು ನನ್ನ ಅಂಗಡಿಗಿಂತ ಸ್ವಲ್ಪ ಜಾಸ್ತಿ ಇರಬಹುದು, ಅಷ್ಟೆ. ಅವಳು ಹೇಳಿದಳು: "ಇವರ ರಕ್ತದಲ್ಲಿರೋ ಕಾವಲು ಕಣಗಳನ್ನ ಹೊರಗೆ ತೆಗೀತೀವಿ. ಅವಕ್ಕೆ ಒಂದು ಹೊಸ ಜೀನ್ ಸೇರಿಸ್ತೀವಿ, ಕ್ಯಾನ್ಸರನ್ನ ಗುರುತು ಹಿಡಿಯೋ ಹಾಗೆ. ಬೆಳೆಸಿ, ಮತ್ತೆ ಇವರ ಮೈಗೇ ಹಾಕ್ತೀವಿ."

"ಆ ಜೀನನ್ನ ಒಳಗೆ ಹೇಗೆ ನುಗ್ಗಿಸ್ತೀರಿ?" ಎಂದೆ.

"ಪಳಗಿಸಿದ ವೈರಸ್ ಮೇಲೆ ಹೊರಿಸಿ ಕಳಿಸ್ತೀವಿ ಅಮ್ಮ."

ವೈರಸ್ ಎಂದ ಕೂಡಲೇ ನನ್ನ ಮೈ ಉರಿಯಿತು. ಈ ಮಾತನ್ನು ನಾನು ಮೊದಲ ಸಲ ಕೇಳುತ್ತಿರಲಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ನನ್ನ ಗಂಡ ಅನೆಸ್ತಿಸ್‌ಗೆ ಶ್ವಾಸಕೋಶದಲ್ಲಿ ಗೆಡ್ಡೆಯಾಗಿತ್ತು. ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ಆಗ ಇಂಥದ್ದೇ ಹೊಸ ಚಿಕಿತ್ಸೆಯ ಪ್ರಯೋಗ ನಡೆದಿತ್ತು. ನೆಗಡಿ ತರುವ ವೈರಸ್ಸನ್ನು ಪಳಗಿಸಿ, ಅದರ ಬೆನ್ನಿಗೆ ಒಳ್ಳೆಯ ಜೀನ್ ಕಟ್ಟಿ, ಗೆಡ್ಡೆಯೊಳಗೇ ಚುಚ್ಚುತ್ತಿದ್ದರು. ಅಲ್ಲಿನ ಪ್ರೊಫೆಸರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಮನುಷ್ಯ. ಜ್ವರ ಬರಬಹುದು, ಬಾರದೆಯೂ ಇರಬಹುದು, ಬಂದರೆ ಮುಂದಿನ ಇಂಜೆಕ್ಷನ್ ತಡವಾಗುತ್ತದೆ ಎಂದ. ಅಷ್ಟೇ ಹೇಳಿದ್ದು. ತಡವಾಗುತ್ತದೆ ಅಂದರೆ ತನ್ನನ್ನು ಹೊರಗೆ ಹಾಕುತ್ತಾರೆ ಎಂದು ನನ್ನ ಗಂಡ ಅರ್ಥ ಮಾಡಿಕೊಂಡ. ಜ್ವರ ಬಂದಾಗಲೆಲ್ಲ ಪೈಜಾಮದ ಜೇಬಿನಲ್ಲಿಟ್ಟಿದ್ದ ಮಾತ್ರೆ ನುಂಗಿ, ನರ್ಸ್ ಬರುವ ಹೊತ್ತಿಗೆ ತಣ್ಣಗಾಗಿ ನಗುತ್ತ ಕೂರುತ್ತಿದ್ದ. ನನಗೂ ಹೇಳಲಿಲ್ಲ, ಮುಚ್ಚಿಟ್ಟ ಆ ಜ್ವರವೇ ಕೊನೆಗೆ ಅವನನ್ನು ತಿಂದಿತು. ಗೊತ್ತಾಗಿದ್ದರೆ ಕೈ ಮುರಿದು ಹಾಕುತ್ತಿದ್ದೆ. ಅವನಿಗಿಂತ ಮುಂಚೆ ಅದೇ ಇಂಜೆಕ್ಷನ್ ತೆಗೆದುಕೊಂಡ ಬೇಕರಿಯವನೊಬ್ಬ ಜ್ವರದಲ್ಲೇ ಬೆಂದು ಸತ್ತಿದ್ದ. ಅದನ್ನು ನಮಗೆ ಆಸ್ಪತ್ರೆಯವರು ಹೇಳಲಿಲ್ಲ. ಅನೆಸ್ತಿಸ್‌ನನ್ನು ಮಣ್ಣು ಮಾಡಿ ಎಷ್ಟೋ ತಿಂಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕ ಆ ಬೇಕರಿಯವನ ಹೆಂಡತಿ ಹೇಳಿದಳು. ಇಬ್ಬರೂ ವಿಧವೆಯರ ಕಪ್ಪು ಬಟ್ಟೆಯಲ್ಲಿದ್ದೆವು. ಮುಂಚೆಯೇ ಅದೊಂದು ಮಾತು ಗೊತ್ತಿದ್ದರೆ ನನ್ನ ಗಂಡ ಆ ಮಾತ್ರೆ ಮುಟ್ಟುತ್ತಿರಲಿಲ್ಲ. ಅವನು ಹಟಮಾರಿಯಾಗಿದ್ದ, ದಡ್ಡನಾಗಿರಲಿಲ್ಲ.

ಆದ್ದರಿಂದ ಗಂಡನ ಕತೆ ಹೇಳಿ, ಡಾಕ್ಟರನ್ನು ನೇರವಾಗಿ ಕೇಳಿದೆ. "ಇವನಿಗಿಂತ ಮುಂಚೆ ಎಷ್ಟು ಜನಕ್ಕೆ ಕೊಟ್ಟಿದೀರಿ? ಅವರೆಲ್ಲ ಈಗ ಹೇಗಿದಾರೆ?"

ಸಿಮೆಲಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಕಾಲು ತೆಗೆಯಲಿಲ್ಲ.

"ಹನ್ನೊಂದು ಜನ," ಎಂದಳು ಅರಿಯಾದ್ನಿ. "ಎಲ್ಲರಿಗೂ ಜ್ವರ ಬಂತು. ಮೂರು ಜನಕ್ಕೆ ತಲೆಗೂ ಹತ್ತಿತು, ಮಾತು ತಪ್ಪಿತು, ಫಿಟ್ಸ್ ಬಂತು. ಅದರಲ್ಲಿ ಇಬ್ಬರು ಸುಧಾರಿಸಿಕೊಂಡ್ರು. ಒಬ್ಬರು ಉಳೀಲಿಲ್ಲ. ಒಟ್ಟು ಏಳು ಜನಕ್ಕೆ ಗೆಡ್ಡೆ ಕರಗಿದೆ."

"ನಾನು ಕೇಳದೆ ಇದ್ರೆ ಇದನ್ನ ಹೇಳ್ತಿದ್ರಾ?"

"ಹೇಳ್ತಿದ್ದೆ. ಹೇಳಲೇಬೇಕು. ಹಿಂದಿನ ಕಾಲದ ಜೀನ್ ಪ್ರಯೋಗಗಳಲ್ಲಿ ಹೇಳದೆ ಕೆಟ್ಟಿದ್ದಕ್ಕೇ ಈ ನಿಯಮ ಬಂದಿದ್ದು. ಒಬ್ಬರಿಗೆ ಕೊಟ್ಟು, ಕಾದು ನೋಡಿ, ಆಮೇಲೆ ಇನ್ನೊಬ್ಬರಿಗೆ ಕೊಡೋದು. ಬೆಂಕಿ ಹತ್ತೋ ಮುಂಚೆ ನೀರು ತಂದಿಟ್ಕೊಳ್ಳೋದು. ಕಣ ಹಾಕಿದ ಮೇಲೆ ವರ್ಷಗಟ್ಟಲೆ ಬಿಡದೆ ವಿಚಾರಿಸ್ತಾ ಇರೋದು. ಎಲ್ಲಾ ಆಗಿನ ಆ ರೋಗಿಗಳಿಂದ ಕಲಿತಿದ್ದು ಅಮ್ಮ."

"ಕಲಿಯೋಕೆ ನನ್ನ ಗಂಡನೇ ಬೇಕಿತ್ತಾ?"

"ಬೇಡವಾಗಿತ್ತು ಅಮ್ಮ," ಎಂದಳು ನನ್ನನ್ನೇ ನೋಡಿ. ನೆಪ ಹುಡುಕಲಿಲ್ಲ. ಆ ಕ್ಷಣದಿಂದ ಆ ಹುಡುಗಿ ನನಗೆ ಹಿಡಿಸಿದಳು.

ತಮ್ಮ ಮಾತ್ರ ಕುರ್ಚಿಗೆ ಒರಗಿಕೊಂಡು, "ಅಕ್ಕಾ, ಎಗ್ನಾಟಿಯಾ ರಸ್ತೇಲಿ ಸಂಜೆ ಹೊತ್ತು ಬಸ್ ಓಡಿಸಿದವನು ನಾನು. ಹನ್ನೊಂದರಲ್ಲಿ ಒಂದು ಅಂದ್ರೆ ಅದಕ್ಕಿಂತ ಎಷ್ಟೋ ವಾಸಿ. ಪೆನ್ನು ಕೊಡಿ ಡಾಕ್ಟ್ರೇ," ಎಂದ.

ಹೊರಗೆ ಬಂದ ಮೇಲೆ ಸಿಮೆಲಾ ನನ್ನ ಮೇಲೆ ಹಾರಿದಳು. "ಅವರ ಮುಂದೆ ಸಾವಿನ ಲೆಕ್ಕ ಕೇಳ್ತೀರಲ್ಲ ಅತ್ತಿಗೆ, ನಿಮಗೆ ಕರುಳಿಲ್ವಾ? ಧೈರ್ಯ ತುಂಬೋದು ಬಿಟ್ಟು ಹೆದರಿಸ್ತೀರಾ?"

"ಹೆದರಿದ್ನಾ ಅವನು? ನೀನು ಹೆದರಿದೀಯ."

ಸಿಮೆಲಾ ಕೆಟ್ಟವಳಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತು ಗಂಡನ ಪಾದ ಒತ್ತುವವಳು. ಆದರೆ ನಮ್ಮೂರಿನ ಎಷ್ಟೋ ಹೆಂಗಸರ ಹಾಗೆ, ಕಾಯಿಲೆಯ ಹೆಸರನ್ನು ಬಾಯಲ್ಲಿ ಹೇಳಿದರೆ ಅದು ಬಾಗಿಲು ತಟ್ಟುತ್ತದೆ ಎಂದು ನಂಬಿದವಳು. ಎರಡು ವರ್ಷದಿಂದ ನೆರೆಹೊರೆಯವರಿಗೆಲ್ಲ ಗಂಡನಿಗೆ ರಕ್ತ ಕಡಿಮೆ ಎಂದೇ ಹೇಳಿಕೊಂಡು ಬಂದಿದ್ದಳು. ಯಾರಾದರೂ ಕ್ಯಾನ್ಸರ್ ಎಂದು ಅಂದರೆ ಮೂರು ಸಲ ಎದೆಯ ಮೇಲೆ ತೂ ತೂ ಎನ್ನುತ್ತಿದ್ದಳು.

ಕಣಗಳನ್ನು ಹಾಕುವ ದಿನ ಬಂತು. ಅಂಗೈಯಷ್ಟು ದೊಡ್ಡ ಚೀಲ. ಕೋಣೆ ತುಂಬ ಬೇಯಿಸಿದ ಮುಸುಕಿನ ಜೋಳದ ವಾಸನೆ ಬಂತು, ಕಣ ಕೆಡದಂತೆ ಹಾಕುವ ಔಷಧಿಯದ್ದಂತೆ. ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು.

"ಇಷ್ಟೇನಾ?" ಎಂದ ತಮ್ಮ. "ನಮ್ಮಪ್ಪ ಊಟಕ್ಕೆ ಮುಂಚೆ ಇದಕ್ಕಿಂತ ಜಾಸ್ತಿ ಊಜೋ ಸಾರಾಯಿ ಹಾಕ್ತಿದ್ದ."

ಅವತ್ತಿನಿಂದ ಪರೀಕ್ಷೆ ಶುರುವಾಯಿತು. ಬೆಳಿಗ್ಗೆ ಸಂಜೆ ಡಾಕ್ಟರು ಹಲಗೆಯೊಂದನ್ನು ಹಿಡಿದು ಬರುವಳು. ಇದು ಯಾವ ಊರು, ಯಾವ ಆಸ್ಪತ್ರೆ, ಯಾವ ವರ್ಷ, ಯಾವ ತಿಂಗಳು. ಪೆನ್ನು, ಗಡಿಯಾರ, ದಿಂಬು ತೋರಿಸಿ ಇದೇನು ಅದೇನು ಎನ್ನುವಳು. ಎರಡು ಬೆರಳು ಎತ್ತಿ ಎನ್ನುವಳು. ನೂರರಿಂದ ಹತ್ತು ಹತ್ತು ಕಳೆಯುತ್ತ ಹಿಂದಕ್ಕೆ ಎಣಿಸಿ ಎನ್ನುವಳು. ಕೊನೆಗೆ ಒಂದು ವಾಕ್ಯ ಬರೆಸುವಳು, ದಿನವೂ ಅದೇ ವಾಕ್ಯ. ಎಲ್ಲ ಸೇರಿ ಹತ್ತು ಅಂಕ. ಹೊಸ ಕಣಗಳ ಗಲಾಟೆ ಮಿದುಳಿಗೆ ಹತ್ತಿದರೆ ಮೊದಲು ಗೊತ್ತಾಗುವುದು ಕೈಬರಹದಲ್ಲಂತೆ.

ತಮ್ಮ ಆರಿಸಿಕೊಂಡ ವಾಕ್ಯ: "ಮುಂದೆ ಹತ್ತಿ, ಹಿಂದೆ ಇಳಿಯಿರಿ, ಬಾಗಿಲಲ್ಲಿ ನಿಲ್ಲಬೇಡಿ." ಮೂವತ್ತು ವರ್ಷ ಬಸ್ಸಿನಲ್ಲಿ ಅರಚಿದ್ದು ಅದನ್ನೇ. ಅವನ ಅಕ್ಷರವೋ, ಗುಂಡಿ ಬಿದ್ದ ರಸ್ತೆ. ಡಾಕ್ಟರು ಅದನ್ನು ಓದಿ ನಗುವಳು. "ಶಾಲೆ ಬಿಟ್ಟು ಓಡಿಹೋದವನಿಗೆ ಈ ವಯಸ್ಸಲ್ಲಿ ದಿನಕ್ಕೆರಡು ಪರೀಕ್ಷೆ," ಎಂದು ಇವನು ಗೊಣಗುವನು.

ಎರಡನೆಯ ದಿನವೇ ಜ್ವರ ಬಂತು. ತಂದಿಟ್ಟಿದ್ದ ಔಷಧಿ ಏರಿಸಿದರು, ಇಳಿಯಿತು. ಎಲ್ಲ ಸರಿಯಾಗಿದೆ ಎಂದುಕೊಂಡೆವು. ಅದೇ ಹೊತ್ತಿಗೆ ಒಬ್ಬಳು ನರ್ಸ್ ಸಿಮೆಲಾಗೆ, ಪರೀಕ್ಷೆಯಲ್ಲಿ ಅಂಕ ಬಿದ್ದರೆ ಮೇಲಿನ ಮಹಡಿಯ ತೀವ್ರ ನಿಗಾ ಘಟಕಕ್ಕೆ ಸಾಗಿಸುತ್ತೇವೆ ಎಂದು ಸಹಜವಾಗಿಯೇ ಹೇಳಿದಳು. ನಮ್ಮಪ್ಪನನ್ನು ಇದೇ ಆಸ್ಪತ್ರೆಯ ಆ ಮಹಡಿಗೇ ಕರೆದುಕೊಂಡು ಹೋಗಿದ್ದರು, ಅವನು ಅಲ್ಲಿಂದ ಜೀವಂತವಾಗಿ ಇಳಿದು ಬರಲಿಲ್ಲ. ಆ ಮಾತು ಸಿಮೆಲಾಳ ತಲೆಯಲ್ಲಿ ಹೇಗೆ ಕೂತಿತು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಒಂದು ಸಲಕ್ಕೆ ಮನೆಯವರಲ್ಲಿ ಒಬ್ಬರನ್ನೇ ಕೋಣೆಯೊಳಗೆ ಬಿಡುತ್ತಿದ್ದರು. ಉಪವಾಸದ ತಿಂಗಳು ಶುರುವಾಗುವ ಶುದ್ಧ ಸೋಮವಾರಕ್ಕೆ ಸೇರಿ ಮೂರು ದಿನ ರಜೆ ಬಿದ್ದಿತ್ತು. ಅರಿಯಾದ್ನಿ ಊರಿಗೆ ಹೋಗಿದ್ದಳು. ನನಗೂ ಅಂಗಡಿ ಬಿಡುವಂತಿರಲಿಲ್ಲ, ಇಡೀ ಊರು ಸಮುದ್ರದ ದಂಡೆಗೆ ಹೋಗಿ ಗಾಳಿಪಟ ಹಾರಿಸುವ ದಿನ, ನನ್ನಲ್ಲೇ ಗಾಳಿಪಟ ಕೊಳ್ಳುತ್ತಾರೆ. ಸಿಮೆಲಾ ಫೋನ್ ಮಾಡುತ್ತಿದ್ದಳು.

"ಹತ್ತಕ್ಕೆ ಹತ್ತು ಅತ್ತಿಗೆ. ಬೆಳಿಗ್ಗೇನೂ ಹತ್ತು, ಸಂಜೇನೂ ಹತ್ತು."

"ಶಾಲೇಲಿ ಒಂದು ಸಲನೂ ತೆಗೀಲಿಲ್ಲ, ಈಗ ನೋಡು," ಎಂದು ನಾನು ನಕ್ಕೆ.

ಸೋಮವಾರ ಮಧ್ಯಾಹ್ನಕ್ಕೆ ಗಾಳಿಪಟ ಖಾಲಿಯಾದವು. ಬಾಗಿಲು ಎಳೆದು ಆಸ್ಪತ್ರೆಗೆ ಹೋದೆ. ರಜೆಯ ಬದಲಿ ಡಾಕ್ಟರು ಕೋಣೆಯಿಂದ ಹೊರಗೆ ಬರುತ್ತಿದ್ದ. ಪಾಪ, ಮೂರು ವಾರ್ಡು ಅವನೊಬ್ಬನ ತಲೆಯ ಮೇಲೆ. "ತುಂಬಾ ಚೆನ್ನಾಗಿದಾರೆ," ಎಂದು ಹೇಳುತ್ತಲೇ ಮುಂದಕ್ಕೆ ಓಡಿದ. ನರ್ಸುಗಳೂ ಅವತ್ತು ಇಬ್ಬರೇ, ಒಬ್ಬರೇ ಒಳಗಿರಬೇಕು ಎಂದು ತಡೆಯಲು ಯಾರೂ ಇರಲಿಲ್ಲ. ನಾನು ನಿಲುವಂಗಿ ತೊಟ್ಟು ಒಳಗೆ ಹೋದೆ.

ತಮ್ಮ ದಿಂಬಿಗೆ ಒರಗಿ ಕೂತಿದ್ದ, ಮಂಚದ ಪಕ್ಕ ಸಿಮೆಲಾ ನಿಂತಿದ್ದಳು. ನನ್ನನ್ನು ನೋಡಿ ನಕ್ಕ.

"ಹೇಗಿದೀಯೋ?" ಎಂದೆ.

"ಥೆಸಲೊನೀಕಿ," ಎಂದ.

ಕೀಟಲೆ ಮಾಡುತ್ತಿದ್ದಾನೆ ಅಂದುಕೊಂಡೆ. "ಊಟ ಮಾಡಿದ್ಯೇನೋ?"

"ಮಾರ್ಚ್. ಪೆನ್ನು, ಗಡಿಯಾರ, ದಿಂಬು. ನೂರು, ತೊಂಬತ್ತು, ಎಂಬತ್ತು, ಎಪ್ಪತ್ತು." ಇನ್ಸ್‌ಪೆಕ್ಟರ್ ಮುಂದೆ ನಿಂತ ಶಾಲಾ ಹುಡುಗನ ಹಾಗೆ ಹತ್ತರವರೆಗೂ ಒಪ್ಪಿಸಿದ. ಒಂದೂ ತಪ್ಪಿಲ್ಲ. ಆಮೇಲೆ ನನ್ನ ಕಡೆ ಬಾಗಿ ಗುಟ್ಟು ಹೇಳುವವನಂತೆ ಕೇಳಿದ: "ಭಾವ ಎಲ್ಲಿ? ಬಸ್ ಹೊರಡೋ ಹೊತ್ತಾಯ್ತು. ಬೇಗ ಹತ್ತೋಕೆ ಹೇಳು."

ಭಾವ ಅಂದರೆ ನನ್ನ ಗಂಡ ಅನೆಸ್ತಿಸ್.

ಮೇಜಿನ ಮೇಲೆ ಅವತ್ತಿನ ಹಾಳೆ ಇತ್ತು. ಮುಂದೆ ಹತ್ತಿ, ಹಿಂದೆ ಇಳಿಯಿರಿ. ಅಕ್ಷರಗಳು ಸಾಲಾಗಿ, ಗುಂಡಗೆ, ಅಂದವಾಗಿ ನಿಂತಿದ್ದವು. ಈಗ ದೂರ ದೇಶದಲ್ಲಿರುವ ತಮ್ಮನ ಮಗನ ಹೋಂವರ್ಕನ್ನೆಲ್ಲ ಸಿಮೆಲಾ ತಾನೇ ಬರೆದು ಕಳಿಸುತ್ತಿದ್ದ ಕಾಲದಿಂದ ಆ ಕೈ ನನಗೆ ಗೊತ್ತು.

"ಇದನ್ನ ಯಾರು ಬರೆದಿದ್ದು?" ಎಂದೆ.

ಅವಳು ಕಣ್ಣು ತಪ್ಪಿಸಿದಳು. "ಅವರ ಕೈ ನಡುಗ್ತಿತ್ತು ಅತ್ತಿಗೆ. ಸುಸ್ತು. ಆಗಲೇ ಬರೆದಿದಾರೆ ಅಂತ ಆ ಡಾಕ್ಟ್ರಿಗೆ ಹೇಳ್ದೆ."

"ಉಳಿದದ್ದು?"

"ಉಳಿದದ್ದು ಅವರೇ ಹೇಳಿದ್ದು. ಬೇಕಾದ್ರೆ ಕೇಳಿ."

"ನೀನು ಉರು ಹೊಡೆಸಿ ಹೇಳಿಸಿದ್ದು."

ಸಿಮೆಲಾ ನನ್ನ ಎರಡೂ ಕೈ ಹಿಡಿದುಕೊಂಡಳು. ಮೊನ್ನೆಯಿಂದ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಶನಿವಾರ ಸಂಜೆ ಅವನು ಗಡಿಯಾರವನ್ನು ಚಮಚ ಎಂದನಂತೆ. ಅವಳು ರಾತ್ರಿ ಕೂತು ಕಲಿಸಿದಳಂತೆ. ಪ್ರಶ್ನೆ ದಿನವೂ ಅವೇ ಅಲ್ಲವೇ, ಅದೇ ವರಸೆಯಲ್ಲಿ ಕೇಳುತ್ತಾರೆ. ಎಲ್ಲಾದರೂ ತಡವರಿಸಿದರೆ ಡಾಕ್ಟರ ಬೆನ್ನ ಹಿಂದೆ ನಿಂತು ಬೆರಳಲ್ಲಿ, ತುಟಿಯಲ್ಲಿ ತೋರಿಸುತ್ತಿದ್ದಳಂತೆ.

"ಮೇಲಕ್ಕೆ ಹಾಕಿಬಿಡ್ತಾರೆ ಅತ್ತಿಗೆ. ಮಾವ ಹೋಗಿದ್ದು ಅಲ್ಲಿಗೇ ತಾನೆ. ಇನ್ನೆರಡು ದಿನ. ಜ್ವರ ಇಳೀಲಿಲ್ವಾ, ಇದೂ ಇಳಿಯತ್ತೆ. ಇದೊಂದು ಪಾಸಾಗಿಬಿಡ್ಲಿ."

"ಇದು ಪಾಸು ಫೇಲಿನ ಪರೀಕ್ಷೆ ಅಲ್ಲ ಕಣೇ. ಒಳಗೆ ಹೊಗೆ ಎದ್ದಿದ್ಯಾ ಅಂತ ನೋಡೋದು. ನೀನು ಹೊಗೆ ಹೊರಗೆ ಬರದ ಹಾಗೆ ಕಿಟಕಿ ಮುಚ್ಚಿ ಕೂತಿದೀಯ. ಒಳಗೆ ಮನೆ ಉರೀತಿದೆ."

ಅಷ್ಟರಲ್ಲಿ ತಮ್ಮ ನನ್ನ ಮಣಿಕಟ್ಟು ಹಿಡಿದ. ಅವನ ಕಣ್ಣು ಒಂದು ಗಳಿಗೆ ತಿಳಿಯಾಗಿತ್ತು. "ಅಕ್ಕಾ," ಎಂದ. "ಹೇಳಬೇಡ. ಮೇಲಕ್ಕೆ ಬೇಡ. ಅಪ್ಪ..." ಮುಂದಿನ ಮಾತು ಸಿಗಲಿಲ್ಲ ಅವನಿಗೆ. ಹುಡುಕಿದ, ಹುಡುಕಿದ, ಕೊನೆಗೆ "ದಿಂಬು" ಎಂದ.

ಅವನು ಕೇಳಿದ್ದನ್ನು ನಾನು ಇಲ್ಲ ಎಂದವಳೇ ಅಲ್ಲ. ಚಿಕ್ಕವನಿದ್ದಾಗ ಅಪ್ಪನ ಏಟು ತಪ್ಪಿಸಲು ಅವನ ಎಷ್ಟು ಸುಳ್ಳುಗಳನ್ನು ನನ್ನ ತಲೆಯ ಮೇಲೆ ಹಾಕಿಕೊಂಡಿದ್ದೆ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಅನೆಸ್ತಿಸ್, ಹಾಳು ಮಾತ್ರೆ ನುಂಗಿ, ತಣ್ಣಗಿನ ಹಣೆ ಮುಂದೆ ಮಾಡಿ ನರ್ಸಿಗೆ ಹಲ್ಲು ಕಿರಿಯುತ್ತ ಕೂತಿದ್ದ ಅನೆಸ್ತಿಸ್. ಒಬ್ಬನನ್ನು ಕಳಕೊಂಡದ್ದು ಸಾಲದೇ?

"ಇಲ್ಲ ಕಣೋ," ಎಂದೆ. "ಹೇಳೇ ಹೇಳ್ತೀನಿ. ಬೈಕೋ ನನ್ನ. ಬದುಕಿ ಬೈಕೋ."

ಸಿಮೆಲಾ ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಅವಳ ಬಾಯಿಂದ ಅದುವರೆಗೆ ಬಾರದ ಏಕವಚನ ಅವತ್ತು ಬಂತು. "ನೀನು ಹೊರಗೆ ಹೋಗಿ ಬಾಯಿ ಬಿಟ್ಟರೆ ನಮ್ಮನೆ ಹೊಸ್ತಿಲು ತುಳೀಬೇಡ. ನನ್ನ ಗಂಡನಿಗೆ ಏನಾದ್ರೂ ಆದ್ರೆ ಮಣ್ಣಿಗೂ ಬರಬೇಡ."

"ಮಣ್ಣಿಗೆ ಬರಬಾರದು ಅಂತಲೇ ಈಗ ಹೋಗ್ತಿರೋದು. ದಾರಿ ಬಿಡು."

ಅವಳು ಬಿಡಲಿಲ್ಲ. ಅವಳನ್ನು ತಳ್ಳಲು ನನಗೂ ಮನಸ್ಸಾಗಲಿಲ್ಲ, ಮೂರು ದಿನದಿಂದ ನಿದ್ದೆಯಿಲ್ಲದ ಹೆಂಗಸು, ಗಾಳಿಗೆ ಬೀಳುವ ಹಾಗಿದ್ದಳು. ನಾನು ನಿಂತಲ್ಲೇ ನಿಂತು ಗಂಟಲು ತೆರೆದೆ. ರಸ್ತೆಯ ಆಚೆ ಬದಿಯ ಗಿರಾಕಿಯನ್ನು ಕರೆದ ಗಂಟಲದು.

"ಡಾಕ್ಟ್ರೇ! ಇಲ್ಲಿ ಮೋಸ ನಡೀತಿದೆ. ಇವನಿಗೆ ಮಾತು ತಪ್ಪಿದೆ, ಹತ್ತಕ್ಕೆ ಹತ್ತು ಸುಳ್ಳು. ಯಾರಿದೀರಿ, ಬನ್ನಿ."

ಇಡೀ ವಾರ್ಡು ತಿರುಗಿ ನೋಡಿತು. ಓಡಿ ಬಂದವಳು ಅರಿಯಾದ್ನಿಯೇ. ಊರಿಂದ ಮರಳಿ ಸಂಜೆಯ ಪಾಳಿಗೆ ಆಗ ತಾನೇ ಬಂದಿದ್ದಳು, ಹೊರಗಿನ ಕೋಟನ್ನೂ ಬಿಚ್ಚಿರಲಿಲ್ಲ. ಸಿಮೆಲಾಳನ್ನು ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ ತಮ್ಮನ ಮುಂದೆ ಕೂತಳು. ಪೆನ್ನು ತೋರಿಸಲಿಲ್ಲ, ತನ್ನ ಕನ್ನಡಕ ತೆಗೆದು ತೋರಿಸಿದಳು.

"ಗಡಿಯಾರ," ಎಂದ ಅವನು.

"ಇಪ್ಪತ್ತರಿಂದ ಎರಡೆರಡು ಕಳೀತಾ ಬನ್ನಿ."

"ನೂರು, ತೊಂಬತ್ತು, ಎಂಬತ್ತು."

ಖಾಲಿ ಹಾಳೆ ಕೊಟ್ಟಳು. ಪೆನ್ನು ಹಾಳೆಯ ಮೇಲೆ ಸ್ವಲ್ಪ ದೂರ ಅಂಕುಡೊಂಕಾಗಿ ಹೋಗಿ, ಅಂಚು ದಾಟಿ, ಹಾಸಿಗೆಯ ಮೇಲೆ ಗೀರಿತು. ಅವನು ಅದನ್ನೇ ನೋಡುತ್ತ ಕೂತ. ಅಳುತ್ತಿದ್ದ. ಯಾಕೆ ಎಂದು ಅವನಿಗೇ ಗೊತ್ತಿರಲಿಲ್ಲ ಅನಿಸುತ್ತದೆ.

ಡಾಕ್ಟರು ಯಾರನ್ನೂ ಬೈಯಲಿಲ್ಲ. ಬಾಗಿಲ ಕಡೆ ತಿರುಗಿ ಒಂದರ ಹಿಂದೊಂದು ಔಷಧಿಯ ಹೆಸರು ಹೇಳಿದಳು. ಅವೆಲ್ಲ ಕಣ ಹಾಕುವ ಮುಂಚೆಯೇ ಅವನ ಹೆಸರಿನಲ್ಲಿ ತೆಗೆದಿಟ್ಟಿದ್ದವು. ಮೊದಲನೆಯದು ರಕ್ತನಾಳಕ್ಕೆ ಹೋಗುತ್ತಿದ್ದ ಹಾಗೇ ಅವನ ಮೈ ಸೆಟೆದು ಅದುರತೊಡಗಿತು. ಫಿಟ್ಸ್. ನಮ್ಮಿಬ್ಬರನ್ನೂ ಹೊರಗೆ ಹಾಕಿದರು. ಆಮೇಲೆ ಮಂಚ ಸಮೇತ ಅವನನ್ನು ಲಿಫ್ಟಿನೊಳಗೆ ತಳ್ಳಿಕೊಂಡು ಮೇಲಕ್ಕೆ ಹೋದರು.

ಬದಲಿ ಡಾಕ್ಟರು ಬಂದು, ಮನೆಯವರು ಹೀಗೆ ಮಾಡುತ್ತಾರೆ ಎಂದು ತನಗೆ ಹೇಗೆ ಗೊತ್ತಾಗಬೇಕು ಎಂದ. ಅರಿಯಾದ್ನಿ ಅವನಿಗೆ, "ಪರೀಕ್ಷೆ ಮಾಡುವಾಗ ಮನೆಯವರನ್ನ ಹೊರಗೆ ಕಳಿಸಬೇಕು ಅಂತ ನಾವು ನಿಯಮ ಮಾಡಿರಲಿಲ್ಲ. ಅದೇ ಪ್ರಶ್ನೆ ದಿನಾ ಕೇಳಿದ್ದೂ ನಾವೇ. ಯಾಕೆ ಕೇಳ್ತೀವಿ ಅಂತ ಅವರಿಗೆ ಅರ್ಥ ಆಗೋ ಹಾಗೆ ಹೇಳದೇ ಇದ್ದದ್ದೂ ನಾವೇ," ಎಂದಳು.

ನಾನು ಬಿಡಲಿಲ್ಲ. "ಹಾಗಾದ್ರೆ ಇದೂ ಕಲಿತಿದ್ದಕ್ಕೆ ಸೇರಿತಾ ಡಾಕ್ಟ್ರೇ? ಮೊದಲು ನನ್ನ ಗಂಡ, ಈಗ ನನ್ನ ತಮ್ಮ?"

"ಸೇರಿತು ಅಮ್ಮ. ನಾಳೆಯಿಂದ ಪ್ರಶ್ನೆ ಬದಲಾಗತ್ತೆ, ಮನೆಯವರು ಹೊರಗಿರ್ತಾರೆ. ನಮ್ಮ ಹಾಗೇ ಈ ಚಿಕಿತ್ಸೆ ಕೊಡೋ ಬೇರೆ ಆಸ್ಪತ್ರೆಗಳಿಗೂ ಇವತ್ತೇ ಬರೀತೀನಿ. ನಮ್ಮಿಂದ ತಪ್ಪಾಯ್ತು ಅಂತಲೇ ಬರೀತೀನಿ."

ಅವಳ ಕಣ್ಣು ಕೆಂಪಾಗಿತ್ತು. ಆ ಪ್ರೊಫೆಸರು ಇಷ್ಟು ಹೇಳಿದ್ದರೆ ನನ್ನ ಅರ್ಧ ಸಿಟ್ಟು ಅವತ್ತೇ ಇಳಿದಿರುತ್ತಿತ್ತು.

ಮುಂದಿನ ದಿನಗಳನ್ನು ಶತ್ರುವಿಗೂ ಬೇಡ ಎನ್ನುತ್ತೇನೆ. ಮೇಲಿನ ಮಹಡಿಯ ಮೊಗಸಾಲೆಯಲ್ಲಿ ಎದುರುಬದುರು ಎರಡು ಬೆಂಚು. ಆ ಬೆಂಚಿನಲ್ಲಿ ಸಿಮೆಲಾ, ಅವಳ ಅಣ್ಣಂದಿರು, ಚಿಕ್ಕಮ್ಮ. ಈ ಬೆಂಚಿನಲ್ಲಿ ನಾನೊಬ್ಬಳೇ. ತಮ್ಮನ ಮೂಗಿಗೆ ಕೊಳವೆ ಹಾಕಿದ್ದರು, ಕಣ್ಣು ತೆರೆಯುತ್ತಿರಲಿಲ್ಲ. ಏಳುತ್ತಾನಾ ಎಂದರೆ ಡಾಕ್ಟರು ಗೊತ್ತಿಲ್ಲ ಎಂದೇ ಹೇಳುತ್ತಿದ್ದಳು. ಹೌದು ಎಂದು ಒಂದು ಸುಳ್ಳಾದರೂ ಹೇಳಬಾರದೇ ಎಂದು ನನಗೂ ಅನಿಸಿತು, ಮುಚ್ಚಿಡುವುದಿಲ್ಲ. ಅಷ್ಟು ಹೆದರಿದ್ದೆ.

ಸಿಮೆಲಾಳ ಚಿಕ್ಕಮ್ಮ ನನಗೆ ಕೇಳಲೆಂದೇ ಗಟ್ಟಿಯಾಗಿ, "ಮನೆಮುರುಕಿ. ಸ್ವಂತ ತಮ್ಮನ್ನೇ ಹಿಡಿದು ಕೊಟ್ಟಳಲ್ಲ," ಎಂದಳು.

"ಹೌದು, ಮನೆಮುರುಕಿನೇ," ಎಂದೆ. "ಮುರಿದ ಮನೆ ಮತ್ತೆ ಕಟ್ಕೋಬಹುದು. ಸತ್ತವನನ್ನ ಎಬ್ಬಿಸೋದು ನಿಮಗೆ ಗೊತ್ತಿದ್ರೆ ಹೇಳಿ, ನನ್ನ ಗಂಡನಿಂದ ಶುರು ಮಾಡೋಣ."

ಚಿಕ್ಕಮ್ಮ ಮುಖ ತಿರುಗಿಸಿಕೊಂಡಳು. ಸಿಮೆಲಾ ಮಾತ್ರ ಅತ್ತ ಇತ್ತ ಯಾರ ಕಡೆಯೂ ನೋಡದೆ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಡಾಕ್ಟರ ಬೆನ್ನ ಹಿಂದೆ ಎತ್ತಿ ತೋರಿಸಿದ ಬೆರಳುಗಳು. ನನಗೆ ಅವಳ ಮೇಲೆ ಕೋಪವಿತ್ತು, ಆದರೂ ಎದ್ದು ಹೋಗಿ ಆ ಕೈ ಹಿಡಿದುಕೊಳ್ಳೋಣ ಅನಿಸಿತು. ಹೋಗಲಿಲ್ಲ. ನಾನೂ ಹಟಮಾರಿಯೇ.

ವಾರ ಕಳೆಯುವ ಹೊತ್ತಿಗೆ ಅವನು ಕಣ್ಣು ಬಿಟ್ಟ. ಇನ್ನೆರಡು ದಿನಕ್ಕೆ ಮಾತು ಬಂತು, ಅವನನ್ನು ಕೆಳಗಿನ ವಾರ್ಡಿಗೆ ಇಳಿಸಿದರು. ಅರಿಯಾದ್ನಿ ನಮ್ಮನ್ನೆಲ್ಲ ಬಾಗಿಲ ಹೊರಗೆ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಇದು ಯಾವ ಊರು ಎಂದು ಅವನನ್ನು ಕೇಳಿದಳು.

"ಅಥೆನ್ಸ್," ಎಂದ.

ಡಾಕ್ಟರ ಮುಖ ಬಿಳಿಚಿತು. ಸಿಮೆಲಾ ಗೋಡೆ ಹಿಡಿದಳು. ಅವನು ಕಣ್ಣು ಕಿರಿದು ಮಾಡಿ ನಮ್ಮನ್ನೆಲ್ಲ ಒಮ್ಮೆ ನೋಡಿ, "ಅಷ್ಟು ಹಾಳಾಗಿಲ್ಲ ಬಿಡಿ ನನ್ನ ತಲೆ, ಥೆಸಲೊನೀಕಿ," ಎಂದ. ಅವನ ಕೆನ್ನೆಗೆ ಎರಡು ಬಿಗಿಯಬೇಕು ಅನಿಸಿತು. ಬದಲಿಗೆ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ.

ನಾನು ಒಳಗೆ ಹೋದಾಗ ಮುಖ ಗಂಟು ಹಾಕಿಕೊಂಡಿದ್ದ. "ಬೇಡ ಬೇಡ ಅಂದ್ರೂ ಹೇಳಿದೆಯಂತೆ."

"ಹೇಳಿದೆ."

"ನಿನ್ನ ಜೊತೆ ಮಾತು ಬಿಟ್ಟೆ ಕಣೇ ಅಕ್ಕ."

"ಬಿಡು. ಇವತ್ತು ಆ ನೀರು ಸಾರು ಬೇಡ ಅಂದ್ಯಂತಲ್ಲ?"

"ಅದು ಸಾರಾ? ಬಸ್ ತೊಳೆದ ನೀರು ಅದು." ಮಾತು ಬಿಟ್ಟವನು ಆಮೇಲೆ ಅರ್ಧ ಗಂಟೆ ಆಸ್ಪತ್ರೆಯ ಊಟವನ್ನು ಬೈದ. ಕತ್ತಿನ ಗೆಡ್ಡೆ ಕೈಗೆ ಸಣ್ಣದಾಗಿ ಸಿಗುತ್ತಿತ್ತು. ಒಳಗಿನವು ಕರಗಿವೆಯೋ ಇಲ್ಲವೋ ಸ್ಕ್ಯಾನ್ ಆಗುವವರೆಗೆ ಗೊತ್ತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರ ಜೊತೆ ಕಾಯುವುದು ನನಗೆ ಕಷ್ಟವಲ್ಲ.

ಸಿಮೆಲಾ ಮಾತ್ರ ನನ್ನ ಜೊತೆ ನಿಜವಾಗಿಯೂ ಮಾತು ಬಿಟ್ಟಿದ್ದಳು. ನಾನು ಒಳಗೆ ಬಂದರೆ ಅವಳು ಹೊರಗೆ ಹೋಗುವಳು.

ಆ ವಾರ ಪಕ್ಕದ ಕೋಣೆಗೆ ಇನ್ನೊಬ್ಬ ರೋಗಿ ಬಂದ. ಕಿಲ್ಕಿಸ್ ಕಡೆಯ ಹುಡುಗ, ಇದೇ ಚಿಕಿತ್ಸೆಗೆ, ಮರುದಿನ ಕಣ ಹಾಕುವವರಿದ್ದರು. ಅವನ ತಾಯಿ, ತಲೆಗೆ ವಸ್ತ್ರ ಕಟ್ಟಿದ ಹಳ್ಳಿ ಹೆಂಗಸು, ಮೊಗಸಾಲೆಯಲ್ಲಿ ಸಿಮೆಲಾಳ ಪಕ್ಕ ಬಂದು ಕೂತಳು. ನಾನು ಮೂಲೆಯ ಕಾಫಿ ಯಂತ್ರದ ಹಿಂದೆ ಇದ್ದೆ, ಅವರಿಗೆ ಕಾಣಿಸುತ್ತಿರಲಿಲ್ಲ.

"ನಿಮ್ಮ ಯಜಮಾನರಿಗೂ ಇದನ್ನೇ ಕೊಟ್ಟಿದ್ದಂತಲ್ಲ," ಎಂದಳು ಆ ತಾಯಿ ದನಿ ತಗ್ಗಿಸಿ. "ಏನೋ ಪರೀಕ್ಷೆ ಮಾಡ್ತಾರಂತೆ. ಏನೇನು ಕೇಳ್ತಾರೆ ಸ್ವಲ್ಪ ಹೇಳಿ ತಾಯಿ. ನನ್ನ ಮಗ ಗಾಬರಿ ಬೀಳ್ತಾನೆ, ಇವತ್ತೇ ಹೇಳಿಕೊಟ್ಟಿರ್ತೀನಿ."

ಸಿಮೆಲಾ ಪಕ್ಕದಲ್ಲಿದ್ದ ಕೈಚೀಲ ಎತ್ತಿಕೊಂಡಳು. ಇವಳು ಎದ್ದು ಹೋಗುತ್ತಾಳೆ, ಇಲ್ಲವೇ ನಮಗೇನೂ ತೊಂದರೆಯಾಗಲಿಲ್ಲ ಎಂದು ಮೂರು ಸಲ ತೂ ತೂ ಎನ್ನುತ್ತಾಳೆ ಅಂದುಕೊಂಡೆ.

"ಏನೂ ಹೇಳಿಕೊಡಬೇಡಿ," ಎಂದಳು. "ನಾನು ಹೇಳಿಕೊಟ್ಟೆ. ಗಡಿಯಾರಕ್ಕೆ ಚಮಚ ಅಂದ್ರು, ಅವರಿಗೆ ಗಡಿಯಾರ ಅಂತ ಕಲಿಸಿದೆ. ಬರೆಯೋಕೆ ಕೈ ಬರ್ಲಿಲ್ಲ, ನಾನು ಬರೆದುಕೊಟ್ಟೆ. ಹತ್ತಕ್ಕೆ ಹತ್ತು ಅಂತ ಊರಿಗೆಲ್ಲ ಫೋನ್ ಮಾಡಿದೆ. ನನ್ನ ಗಂಡನಿಗಿರೋದು ಕ್ಯಾನ್ಸರು, ರಕ್ತ ಕಡಿಮೆ ಅಲ್ಲ. ಇನ್ನೊಂದು ರಾತ್ರಿ ಹಾಗೇ ಬಿಟ್ಟಿದ್ರೆ ನಾನೇ ಕೊಂದಿರ್ತಿದ್ದೆ. ನಿಮ್ಮ ಮಗ ತಪ್ಪು ಹೇಳ್ತಾನಾ, ಹೇಳಲಿ. ತಪ್ಪು ಹೇಳಿದ ತಕ್ಷಣ ಕಿರುಚಿ. ಮೇಲಕ್ಕೆ ಕರ್ಕೊಂಡು ಹೋದ್ರೆ ಹೋಗ್ಲಿ, ಇವರನ್ನ ಕೆಳಕ್ಕೂ ಇಳಿಸಿದ್ರು."

ಆ ತಾಯಿ ಶಿಲುಬೆಯ ಗುರುತು ಹಾಕಿಕೊಂಡಳು. "ನನ್ನ ಕೈಲಿ ಕಿರುಚೋಕೆ ಆಗಲ್ಲ ತಾಯಿ. ಅವನು ಅಮ್ಮಾ ಹೇಳಬೇಡ ಅಂದ್ರೆ ನಾನು ಹೇಳಲ್ಲ. ನನಗೆ ನನ್ನ ಮನಸ್ಸು ಗೊತ್ತು."

"ನನಗೂ ಆಗ್ಲಿಲ್ಲ," ಎಂದಳು ಸಿಮೆಲಾ. "ನಮ್ಮ ಅತ್ತಿಗೆ ಒಬ್ಳಿದಾಳೆ. ಕೆಟ್ಟ ಹೆಂಗಸು. ಕಲ್ಲು ಮನಸ್ಸು, ತಮಟೆ ಗಂಟಲು, ಯಾರ ಮಾತೂ ಕೇಳಲ್ಲ. ನಿಮ್ಮ ಮನೇಲೂ ಅಂಥವಳು ಒಬ್ಳು ಇದ್ದೇ ಇರ್ತಾಳೆ, ನೋಡಿ. ಇವತ್ತೇ ಕರೆಸ್ಕೊಳ್ಳಿ."